ಬಕ್ಕೇಶಪ್ಪಜ್ಜನ ಕಣ್ಣು

ನೆರೆಮನೆಯ ಹುಲಿಯಪ್ಪನವರಿಗೆ ಬೆಳಗಿನ ಹೊತ್ತು ಮಾಡಲು ಏನಾದರೊಂದು ಕೆಲಸವಿದ್ದಿದ್ದರೆ ನಿಂಗರಾಜನಿಗೆ ಆ ದಿನ ಅಷ್ಟೊಂದು ಪೇಚಾಟ ಆಗುತ್ತಿರಲಿಲ್ಲ. ಹುಲಿಯಪ್ಪನವರು ನಿವೃತ್ತ ಬಸ್ ಕಂಡಕ್ಟರ್. ಬಸ್ಸಿನ ತುಂಬ ಜನರನ್ನು ಮುಂದೆ ಸರೀರಿ, ಹಿಂದೆ ಸರೀರಿ ಎಂದು ಅಲ್ಲಾಡಿಸಿ ರೂಢಿಯಾದ ಬಾಯಿ ಮನೆಯಲ್ಲಿ ಸುಮ್ಮನೆ ಕೂರುವುದಾದರೂ ಹೇಗೆ? ಬೆಳಗ್ಗೆ ಎದ್ದವರೇ ಎಸ್.ಎಸ್. ಬಡಾವಣೆಯ ತಮ್ಮ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ನಿಂತು, ಕಣ್ಣಿಗೆ ಬಿದ್ದವರಿಗೆಲ್ಲ ಸಲಹೆ ಹಂಚುತ್ತಾರೆ.

ಅಂದು ಮಹಾಲಯ ಅಮಾವಾಸ್ಯೆ. ನಿಂಗರಾಜ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ತನ್ನ ಅಜ್ಜನ ಫೋಟೋ ಇಟ್ಟುಕೊಂಡು ಒರೆಸುತ್ತಿದ್ದ.

"ಮ್ಯಾಲೆ ಒರೆಸಿದ್ರೆ ಏನು ಬಂತ್ರಿ ನಿಂಗರಾಜು?" ಗೋಡೆಯ ಆಚೆಯಿಂದ ಹುಲಿಯಪ್ಪನವರ ದನಿ ಬಂತು. "ಬೂಷ್ಟು ಗಾಜಿನ ಒಳಗೈತೆ ನೋಡ್ರಿ, ಹಣೆ ಮ್ಯಾಲೆ. ಕಟ್ಟು ಬಿಚ್ಚಿ, ಹತ್ತೀಲಿ ಒಂದೀಟು ಸ್ಪಿರಿಟ್ ಹಚ್ಚಿ ಎಳೀರಿ. ನಮ್ಮ ಮಾವನ ಫೋಟೋ ಹಂಗೇ ಮಾಡೀನಿ. ನಿನ್ನೆ ಮೊನ್ನೆ ತೆಗ್ಸಿದಂಗೆ ಕಾಣ್ತೈತೆ."

ಆ ಮಾವನ ಫೋಟೋ ತೆಗೆಸಿದ್ದೇ ಹೋದ ವರ್ಷ ಎನ್ನುವುದನ್ನು ಅವರು ಹೇಳಲಿಲ್ಲ. ನಿಂಗರಾಜನೂ ಕೇಳಲಿಲ್ಲ. ವಿದ್ಯಾನಗರದ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕನಾಗಿದ್ದ ಅವನಿಗೆ ಸ್ಪಿರಿಟ್ ಎಂದರೆ ಮನೆಯ ಎಣ್ಣೆಯಷ್ಟೇ ಸಲಿಗೆ. ಒಳಗೆ ಹೋಗಿ ಬಾಟಲಿ ತಂದ.

ಇಲ್ಲಿ ಬಕ್ಕೇಶಪ್ಪಜ್ಜನ ಬಗ್ಗೆ ಹೇಳಲೇಬೇಕು. ಆತ ತೀರಿಕೊಂಡು ಅರ್ಧ ಶತಮಾನ ದಾಟಿದೆ. ಆದರೂ ಮನೆತನದಲ್ಲಿ ಯಾರೂ 'ಅಜ್ಜನ ಫೋಟೋ' ಎನ್ನುವುದಿಲ್ಲ. 'ಅಜ್ಜ ನಿಂಗರಾಜನ ಮನೇಲಿ ಅದಾನೆ' ಎಂದೇ ಹೇಳುತ್ತಾರೆ. ಅಜ್ಜ ಯಾರ ಗೋಡೆಯ ಮೇಲಿರುತ್ತಾನೋ ಅವರ ಮನೆಯಲ್ಲೇ ಹಿರಿಯರ ಪೂಜೆ. ದಾವಣಗೆರೆ, ಹರಿಹರ, ಸುತ್ತಲ ಹಳ್ಳಿಗಳ ನೆಂಟರೆಲ್ಲ ಅಂದು ಆ ಮನೆಯಲ್ಲೇ ಉಣ್ಣಬೇಕು. ಆ ಮನೆಯ ಸೊಸೆ ಹೋಳಿಗೆ ಮಾಡಬೇಕು, ನಿಂತು ಬಡಿಸಬೇಕು, ಕೊನೆಯ ಪಂಕ್ತಿ ಎದ್ದ ಮೇಲೆ ತಾನು ಎಲೆ ಹಾಕಿಕೊಳ್ಳಬೇಕು. ನಿಂಗರಾಜನ ತಂದೆಯ ಕಾಲಕ್ಕೆ ಈ ಮನೆಗೆ ಬಂದ ಅಜ್ಜ ಮತ್ತೆ ಹೊರಡುವ ಮಾತೇ ಎತ್ತಿರಲಿಲ್ಲ. ಬಿಂದು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೂ ಊರಿಗೆಲ್ಲ ಬಿಸಿ ಹೋಳಿಗೆ ಬಡಿಸಿ, ಇಳಿಹೊತ್ತಿನಲ್ಲಿ ಬುಟ್ಟಿಯ ತಳದ ಹರುಕು ಹೋಳಿಗೆ ತಿನ್ನುತ್ತಿದ್ದಳು.

ಈ ಸಲ ಅವಳು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು. "ನನಗೆ ಬಂಗಾರ ಬ್ಯಾಡ, ಸೀರೆ ಬ್ಯಾಡ. ಮೊದಲ್ನೇ ಪಂಕ್ತೀಲಿ ಕೂತು, ಬ್ಯಾರೆಯೋರು ಮಾಡಿದ ಬಿಸಿ ಹೋಳಿಗೆ ಒಂದ್ಸಲ ತಿನ್ಬೇಕು. ಅಷ್ಟೇ. ಅಜ್ಜನ್ನ ಹರಿಹರಕ್ಕೆ ಕಳಿಸ್ರಿ." ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನಿಂಗರಾಜ ಹೆಂಡತಿಯನ್ನು ಕಂಡರೆ ಹೆದರುವ ಮನುಷ್ಯನೇ. ಆದರೆ ಆ ಹೊತ್ತು ಅವನಿಗೆ ಆದದ್ದು ಹೆದರಿಕೆಯಲ್ಲ, ನಾಚಿಕೆ. ಇಷ್ಟು ಸಣ್ಣ ಆಸೆಯನ್ನು ಇಷ್ಟು ವರ್ಷ ತಾನು ಕೇಳಲೇ ಇಲ್ಲವಲ್ಲ ಎಂದು ಮರುಗಿ, ಹರಿಹರದಲ್ಲಿ ಹೊಸ ಮನೆ ಕಟ್ಟಿಸಿದ್ದ ಗುರುಮೂರ್ತಿ ಚಿಕ್ಕಪ್ಪನ ಕಾಲು ಹಿಡಿಯುವಷ್ಟು ಮಾಡಿ ಒಪ್ಪಿಸಿದ್ದ. ಚಿಕ್ಕಪ್ಪ ಉಬ್ಬಿದರು. ಚಿಕ್ಕಮ್ಮನ ಮುಖ ಮಾತ್ರ ಹುಳಿಗಟ್ಟಿತು. ಅಂತೂ ಅಂದು ಬೆಳಗ್ಗೆಯೇ ಬಿಂದು ಹೊಸ ಸೀರೆಯುಟ್ಟು ಬಸ್ ಹತ್ತಿದ್ದಳು. "ಅಜ್ಜನ್ನ ಒರೆಸಿ ತಗಂಡು ಬರ್ರಿ. ಧೂಳು ಕಂಡ್ರೆ ಚಿಕ್ಕತ್ತೆ ನನಗೇ ಅಂತಾರೆ" ಎಂದು ಹೇಳಿ ಹೋಗಿದ್ದಳು.

ಅಜ್ಜನ ಹೆಸರು ಹೆಚ್ಚೋ, ಅಜ್ಜನ ಕಣ್ಣಿನ ಹೆಸರು ಹೆಚ್ಚೋ ಹೇಳುವುದು ಕಷ್ಟ. ಎತ್ತಿದ ಹುಬ್ಬಿನ ಕೆಳಗೆ ಅಗಲವಾಗಿ ತೆರೆದು ನೋಡುವ ಎರಡು ಕಣ್ಣು. ಹಾಲ್‌ನಲ್ಲಿ ಎಲ್ಲಿ ನಿಂತರೂ ಅವು ಬಿಡುತ್ತಿರಲಿಲ್ಲ. ಆ ಕಣ್ಣಿಗೆ ಅಂಜಿಯೇ ನಿಂಗರಾಜ ಸಿಗರೇಟು ಬಿಟ್ಟಿದ್ದ. ಮನೆತನದ ಚರಿತ್ರೆಯೆಲ್ಲ ಹುಟ್ಟಿದ್ದು ಆ ಕಣ್ಣಿನಿಂದಲೇ. ಅಜ್ಜ ದಿಟ್ಟಿಸಿದಾಗ ಕುದುರೆ ಮೇಲಿನ ಬಿಳಿಯ ಸಾಹೇಬ ಕೆಳಗಿಳಿದು ನಿಂತದ್ದು, ಊರ ಗೌಡ ಬೆವೆತದ್ದು, ಕಳ್ಳ ತಾನಾಗಿಯೇ ಕದ್ದ ಎತ್ತು ತಂದು ಕಟ್ಟಿದ್ದು. ಇವನ್ನೆಲ್ಲ ಕಂಡವರಂತೆ ಹೇಳುತ್ತಿದ್ದವರು ಗುರುಮೂರ್ತಿ ಚಿಕ್ಕಪ್ಪ. ಅಜ್ಜ ಸತ್ತಾಗ ಅವರು ತೊಟ್ಟಿಲಲ್ಲಿದ್ದರು.

ನಿಂಗರಾಜ ಕಟ್ಟು ಬಿಚ್ಚಿ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅಜ್ಜನ ಹಣೆಯ ಮೇಲಿನಿಂದ ಒಂದು ಸಲ ನಯವಾಗಿ ಎಳೆದ. ಬೂಷ್ಟು ಹೋಯಿತು. ಅದರ ಜೊತೆಗೆ ಅಜ್ಜನ ಎಡಗಣ್ಣೂ ಹೋಯಿತು.

ಗಾಬರಿಯಲ್ಲಿ, ಹೋದ ಕಣ್ಣು ಬಂದೀತೋ ಎಂಬಂತೆ ಮತ್ತೊಂದು ಸಲ ಒರೆಸಿದ. ಬಲಗಣ್ಣೂ ಹತ್ತಿಗೆ ಬಂತು. ಕೆಳಗೆ ಮುಚ್ಚಿದ ರೆಪ್ಪೆಗಳು ಕಂಡವು. ಅರ್ಧ ಶತಮಾನ ಎಲ್ಲರನ್ನೂ ಗದರಿಸಿಕೊಂಡು ನೋಡಿದ ಬಕ್ಕೇಶಪ್ಪಜ್ಜ, ಇನ್ನು ಸಾಕಪ್ಪ ಎಂಬಂತೆ ನಿದ್ದೆ ಹೋಗಿದ್ದ.

"ಯಪ್ಪಾ!" ಎಂದ ನಿಂಗರಾಜ.

ಹುಲಿಯಪ್ಪನವರು ಗೋಡೆಯ ಮೇಲಿಂದ ಕತ್ತು ಚಾಚಿ ನೋಡಿದರು. "ಸ್ಪಿರಿಟ್ ಜಾಸ್ತಿ ಆತು ಅನ್ನಿಸ್ತೈತೆ" ಎಂದು ತೀರ್ಪು ಕೊಟ್ಟು, ಒಲೆಯ ಮೇಲೆ ಹಾಲು ಇಟ್ಟಿದ್ದೇನೆಂದು ಒಳಗೆ ನಡೆದರು.

ಫೋಟೋದ ಬೆನ್ನಿಗೆ ನೇರಳೆ ಬಣ್ಣದ ಮಸುಕಾದ ಮುದ್ರೆಯಿತ್ತು: ನೂರ್ ಫೋಟೋ ಸ್ಟುಡಿಯೋ, ದಾವಣಗೆರೆ. ನಿಂಗರಾಜ ಅಜ್ಜನನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋ ಹತ್ತಿದ. ಹಳೇ ಊರಿನ ಗಲ್ಲಿಗಳಲ್ಲಿ ಕೇಳಿ ಕೇಳಿ ಹುಡುಕಿದಾಗ, ಮೊಬೈಲ್ ಕವರುಗಳ ಅಂಗಡಿ ಮತ್ತು ಬಿರಿಯಾನಿ ಹೋಟೆಲಿನ ನಡುವೆ ಸ್ಟುಡಿಯೋ ಇನ್ನೂ ಉಸಿರಾಡುತ್ತಿತ್ತು. ಮುದುಕರಾದ ಖಾಜಾ ಹುಸೇನ್ ಸಾಹೇಬರು ಗಲ್ಲಾ ಬಳಿ ಕೂತಿದ್ದರು. ಒಳಗೆ ಕಂಪ್ಯೂಟರಿನ ಮುಂದೆ ಅವರ ಮಗಳು ಇರಮ್. ಈಗ ಅಂಗಡಿ ನಡೆಸುವವಳು ಅವಳೇ.

ಸಾಹೇಬರು ಫೋಟೋವನ್ನು ಬೆಳಕಿಗೆ ಹಿಡಿದವರೇ ನಗತೊಡಗಿದರು. "ಅರೇ, ಇದು ನಮ್ಮ ಅಬ್ಬಾ ಕೈಕೆಲಸ! ನಿಮ್ಮಜ್ಜ ಬದುಕಿದ್ದಾಗ ಫೋಟೋ ತೆಗ್ಸೇ ಇಲ್ಲ ಭಾಯ್. ತೀರ್ಕೊಂಡ ಮ್ಯಾಲೆ ಕುರ್ಚೀಲಿ ಕೂರ್ಸಿ ತೆಗ್ಸಾರೆ. ಆಗೆಲ್ಲ ಹಂಗೇ ಇತ್ತು. ಆಮ್ಯಾಲೆ ಮನೆಯೋರು ಬಂದು ಕಣ್ಣು ತೆರೆದಂಗೆ ಮಾಡಿಕೊಡ್ರಿ ಅಂತಿದ್ರು. ಅಬ್ಬಾ ಸಣ್ಣ ಕುಂಚದಾಗೆ ಕಣ್ಣು ಬರೆದುಕೊಡ್ತಿದ್ರು."

"ಹಂಗಾದ್ರೆ... ಆ ನೋಟ? ಆ ಗತ್ತು?"

"ಅಬ್ಬಾಗೆ ಬರೆಯಾಕೆ ಬರ್ತಿದ್ದುದು ಅದೊಂದೇ ಕಣ್ಣು. ಈ ಊರಾಗೆ ಇನ್ನೂ ಎಷ್ಟೋ ಮನ್ಯಾಗೆ ಅದೇ ಕಣ್ಣು ನೋಡಾಕೆ ಸಿಗ್ತೈತೆ."

ನಿಂಗರಾಜ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ಬಿಳಿಯ ಸಾಹೇಬ, ಊರ ಗೌಡ, ಎತ್ತಿನ ಕಳ್ಳ ಎಲ್ಲರೂ ಒಬ್ಬೊಬ್ಬರಾಗಿ ಅವನ ಕಣ್ಣ ಮುಂದಿನಿಂದ ಎದ್ದು ಹೋದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗುರುಮೂರ್ತಿ ಚಿಕ್ಕಪ್ಪ.

"ಏಯ್ ನಿಂಗಾ, ಅಜ್ಜ ಎಲ್ಲಿಗೆ ಬಂದ?"

"ಬಾತಿ ಹತ್ರ ಅದೀವಿ ಚಿಕ್ಕಪ್ಪ" ಎಂದ ನಿಂಗರಾಜ. ಬಾತಿ ಹರಿಹರದ ದಾರಿಯಲ್ಲಿರುವ ಹಳ್ಳಿ. ಅವನಿನ್ನೂ ದಾವಣಗೆರೆಯ ಗಲ್ಲಿ ದಾಟಿರಲಿಲ್ಲ.

"ಹೊಸ ಕಣ್ಣು ಬರೆದುಕೊಡ್ರಿ ಸಾಹೇಬ್ರೇ, ನಿಮ್ಮ ದಮ್ಮಯ್ಯ" ಎಂದು ಕೈ ಮುಗಿದ. ಸಾಹೇಬರು ತಮ್ಮ ಬಲಗೈ ಎತ್ತಿ ತೋರಿಸಿದರು. ಅದು ತಾನೇ ತಾನಾಗಿ ನಡುಗುತ್ತಿತ್ತು. "ಈ ಕೈಲಿ ಬರೆದ್ರೆ ನಿಮ್ಮಜ್ಜ ನಾಲ್ಕು ಕಡೆ ನೋಡ್ತಾನೆ. ಇರಮ್, ನೋಡಮ್ಮ ಸ್ವಲ್ಪ."

ಇರಮ್ ಫೋಟೋವನ್ನು ಕಂಪ್ಯೂಟರಿಗೆ ಏರಿಸಿದಳು. ತನ್ನಲ್ಲಿದ್ದ ಗಿರಾಕಿಗಳ ಚಿತ್ರಗಳಿಂದ ಒಂದೊಂದೇ ಜೋಡಿ ಕಣ್ಣು ತಂದು ಅಜ್ಜನಿಗೆ ಹಚ್ಚಿ ನೋಡಿದಳು. ಪೈಲ್ವಾನನೊಬ್ಬನ ಕಣ್ಣು ಹಾಕಿದರೆ ಅಜ್ಜ ಎದ್ದು ಬಂದು ಹೊಡೆಯುವವನಂತೆ ಕಂಡ. ಮದುಮಗನೊಬ್ಬನ ಕಣ್ಣು ಹಾಕಿದರೆ ಪಕ್ಕದಲ್ಲಿ ಯಾರೋ ಹುಡುಗಿ ಕೂತಿದ್ದಾಳೆ ಎನ್ನಿಸಿತು.

"ಬ್ಯಾರೆಯೋರ ಕಣ್ಣು ಹೊಂದಲ್ಲ ಅಣ್ಣಾ. ನೀವು ಮೊಮ್ಮಗ ಅಲ್ಲೇನ್ರಿ? ನಿಮ್ದೇ ಹಾಕೋಣ. ಈ ಕಡೆ ನೋಡ್ರಿ. ಸಿಟ್ಟು ಮಾಡ್ಕೊಳ್ರಿ."

ನಿಂಗರಾಜ ಹುಬ್ಬು ಗಂಟು ಹಾಕಿದ.

"ಇದು ತಲೆನೋವು ಅಣ್ಣಾ, ಸಿಟ್ಟಲ್ಲ. ನಿಮಗೆ ಯಾರನ್ನ ಕಂಡ್ರೆ ಸಿಟ್ಟು ಬರ್ತೈತೋ ಅವರನ್ನ ನೆನೆಸ್ಕೊಳ್ರಿ."

ನಿಂಗರಾಜ ಕಾಲೇಜಿನ ಪ್ರಿನ್ಸಿಪಾಲರನ್ನು ನೆನೆದ. ನೆನೆದ ಕೂಡಲೇ ಎದ್ದು ನಿಂತುಬಿಟ್ಟ. ಇರಮ್ ಅವನನ್ನು ಮತ್ತೆ ಕೂರಿಸಿ ಕ್ಯಾಮೆರಾ ಹಿಡಿದಳು. ಅಷ್ಟರಲ್ಲಿ ಪುನಃ ಫೋನು.

"ಇನ್ನೂ ಬಾತಿಯಾಗೇ ಅದೀಯೇನೋ?" ಚಿಕ್ಕಪ್ಪನ ದನಿ ಏರಿತ್ತು.

"ಬಸ್ಸು ಕೆಟ್ಟು ನಿಂತೈತೆ ಚಿಕ್ಕಪ್ಪ!"

"ಹಂಗಾದ್ರೆ ಅಲ್ಲೇ ಇರು. ನಮ್ಮ ಅಳಿಯ ಅಂಜಿನಪ್ಪನ್ನ ಕಾರು ಕೊಟ್ಟು ಕಳಿಸ್ತೀನಿ. ಅಜ್ಜನ್ನ ಬಿಸಿಲಾಗೆ ನಿಲ್ಲಿಸಬ್ಯಾಡ."

ನಿಂಗರಾಜನ ಕಣ್ಣು ಅಗಲವಾಯಿತು. ಇರಮ್ ಆ ಗಳಿಗೆಯನ್ನು ಬಿಡದೆ ಕ್ಲಿಕ್ ಮಾಡಿದಳು.

ಬೇರೆ ತೆಗೆಯಲು ಹೊತ್ತಿರಲಿಲ್ಲ. ಆ ಕಣ್ಣೇ ಅಜ್ಜನ ಮುಖಕ್ಕೆ ಕೂತಿತು, ಹಳೆಯ ಕಂದು ಬಣ್ಣವೂ ಬಂತು, ಪ್ರಿಂಟು ತೆಗೆದದ್ದೂ ಆಯಿತು. ಕಟ್ಟಿನೊಳಗೆ ಹೊಸ ಅಜ್ಜ ಮುಂದೆ, ಮಲಗಿದ ಹಳೆಯ ಅಜ್ಜ ಅವನ ಬೆನ್ನಿಗೆ. ಕೆಲಸವೇನೋ ಅಚ್ಚುಕಟ್ಟಾಗಿತ್ತು. ಆದರೆ ಸಾಹೇಬನನ್ನು ಕುದುರೆಯಿಂದ ಇಳಿಸಿದ ಬಕ್ಕೇಶಪ್ಪಜ್ಜ ಈಗ, ತಪ್ಪಾಯ್ತು ಬಿಡ್ರಪ್ಪ ಎಂದು ಹೇಳಲು ಬಾಯಿ ತೆರೆಯುವವನಂತೆ ನೋಡುತ್ತಿದ್ದ.

"ಖೂಬ್ ಬಂದೈತೆ. ಪಾಪ ಅನ್ನಿಸ್ತೈತೆ ನೋಡಿದ್ರೆ" ಎಂದರು ಖಾಜಾ ಹುಸೇನ್ ಸಾಹೇಬರು.

ಬಸ್ಸಿನಲ್ಲಿ ಬಾತಿಗೆ ಬಂದು ಇಳಿದಾಗ ಅಂಜಿನಪ್ಪ ಕಾರಿಗೆ ಒರಗಿಕೊಂಡು ನಿಂತಿದ್ದ. ಅವನು ಯಾವುದನ್ನೂ ಒಂದು ಪ್ರಶ್ನೆಗೆ ಬಿಡುವವನಲ್ಲ. "ಕೆಟ್ಟ ಬಸ್ಸು ಎಲ್ಲಿ ಭಾವ? ನಾ ಆಗ್ಲಿಂದ ಇಲ್ಲೇ ಅದೀನಿ. ನೀವು ಇಳಿದದ್ದು ದಾವಣಗೆರೆ ಕಡೆಯಿಂದ ಬಂದ ಬಸ್ಸಿಂದ ಅಲ್ಲೇನ್ರಿ?"

"ರಿಪೇರಿಗೆ ಅಂತ ವಾಪಸ್ ಹೋಗಿತ್ತು. ನಾವೂ ಅದರಾಗೇ ಹೋಗಿ ಬಂದ್ವಿ."

ಅಂಜಿನಪ್ಪ ಸ್ವಲ್ಪ ಯೋಚಿಸಿದ. ನಂಬಲಿಲ್ಲ, ಆದರೆ ಅದಕ್ಕಿಂತ ದೊಡ್ಡ ಕುತೂಹಲ ಅವನಿಗಿತ್ತು. ಬೆಡ್‌ಶೀಟಿನ ತುದಿ ಹಿಡಿದ. "ಅಜ್ಜನ್ನ ಒಂದ್ಸಲ ನೋಡ್ತೀನಿ ಬಿಡ್ರಿ."

"ಮುಟ್ಟಬ್ಯಾಡ!" ನಿಂಗರಾಜ ಕಿರುಚಿದ. "ಅಜ್ಜ ಮನೆ ಬದಲಾಯಿಸುವಾಗ ಹೊಸ ಮನೆ ಹೊಸ್ತಿಲು ದಾಟೋವರೆಗೂ ಮುಸುಕು ತೆಗೆಯಂಗಿಲ್ಲ. ನಮ್ಮಲ್ಲಿ ಪದ್ಧತಿ."

ಅಂಜಿನಪ್ಪ ಕೈ ಹಿಂದೆಗೆದು ಎರಡೂ ಕೆನ್ನೆ ಬಡಿದುಕೊಂಡ. ಹರಿಹರ ತಲುಪಿದ್ದೇ ತಡ, ಕಾರಿನಿಂದ ಜಿಗಿದು, "ಹೊಸ್ತಿಲು ದಾಟೋವರೆಗೂ ಯಾರೂ ಮುಸುಕು ತೆಗೆಯಂಗಿಲ್ಲ!" ಎಂದು ಸಾರಿದ. ಅಂಗಳದಲ್ಲಿ ಕೂತಿದ್ದ ಹಿರಿಯ ನೆಂಟರು, "ಹೌದ್ಹೌದು, ಮೊದ್ಲಿಂದ್ಲೂ ಹಂಗೇ" ಎಂದು ತಲೆಯಾಡಿಸಿದರು. ಒಂದು ಗಂಟೆಯ ಹಿಂದೆ ಹುಟ್ಟಿರದ ಪದ್ಧತಿಗೆ ಅಷ್ಟರಲ್ಲೇ ನರೆ ಬಂದಿತ್ತು.

ಹಾಲ್‌ನ ನಡುವೆ ಮಣೆ, ಮಣೆಯ ಮುಂದೆ ರಂಗೋಲಿ, ಎಡೆ. ಗುರುಮೂರ್ತಿ ಚಿಕ್ಕಪ್ಪ ರೇಷ್ಮೆ ಶಲ್ಯ ಹೊದ್ದು ಮುಂದೆ ಬಂದು ಮುಸುಕು ತೆಗೆದರು. ಮನೆ ತುಂಬ ಇದ್ದ ಜನ ಮುಂದಕ್ಕೆ ಬಾಗಿ ನೋಡಿದರು.

"ಅಜ್ಜ..." ಎಂದರು ಚಿಕ್ಕಪ್ಪ. "ಯಾಕೋ ತಣ್ಣಗಾಗ್ಯಾನೆ."

"ಹೌದಲ್ರಿ! ಆ ಉರಿನೋಟ ಎಲ್ಲಿ ಹೋತು?"

"ಹೊಸ ಮನೆ ಹಿಡಿಸಿರ್ಬೇಕು."

"ಹೊಸ ಮನೆ ಕಂಡು ಹೆದರ್ಕೊಂಡಂಗೆ ಕಾಣ್ತಾನಪ್ಪ ನನಗೆ."

ಎಲ್ಲರೂ ಅಜ್ಜನನ್ನು ನೋಡುತ್ತಿದ್ದರೆ ಬಿಂದು ಮಾತ್ರ ಅಜ್ಜನನ್ನು ಒಂದು ಸಲ, ಗಂಡನನ್ನು ಒಂದು ಸಲ ನೋಡಿದಳು. ಆ ಕಣ್ಣನ್ನು ದಿನಾ ಕಾಣುವವಳು ಅವಳು. ಬಾಯಿಗೆ ಸೆರಗು ಒತ್ತಿಕೊಂಡಳು. ನಿಂಗರಾಜ ಕಣ್ಣಲ್ಲೇ ಬೇಡಿಕೊಂಡ. ಗಂಡ ಏನೋ ಭಾನಗಡಿ ಮಾಡಿಕೊಂಡಿದ್ದಾನೆ, ಆದರೆ ಅಜ್ಜ ಅಂತೂ ಹರಿಹರ ಸೇರಿದ್ದಾನೆ ಎಂದು ಲೆಕ್ಕ ಹಾಕಿ ಅವಳು ಸುಮ್ಮನಾದಳು.

ಪೂಜೆ ಮುಗಿಯಿತು. ಎಲೆ ಹಾಕಿದರು. ಬಿಂದು ಸೀರೆಯ ನೆರಿಗೆ ಸರಿಮಾಡಿಕೊಂಡು ಮೊದಲ ಪಂಕ್ತಿಯ ಮೊದಲ ಎಲೆಗೇ ಕೂತಳು. ಚಿಕ್ಕಮ್ಮ ಮುಖ ಗಂಟಿಕ್ಕಿಕೊಂಡು ಹಂಚಿನಿಂದ ಆಗ ತಾನೇ ತೆಗೆದ ಹೋಳಿಗೆ ತಂದು ಹಾಕಿದರು, ಮೇಲೆ ತುಪ್ಪ ಬಿತ್ತು. ಹೊಗೆಯಾಡುವ ಹೋಳಿಗೆಯನ್ನು ಬಿಂದು ನೋಡಿದ ರೀತಿಗೆ ಎದುರು ಸಾಲಿನಲ್ಲಿ ಕೂತಿದ್ದ ನಿಂಗರಾಜ ತನ್ನ ಎಲೆಯನ್ನೇ ಮರೆತ. ಬೆಳಗಿನ ಪೇಚಾಟವೆಲ್ಲ ಸಾರ್ಥಕವಾಯಿತು ಎಂದುಕೊಂಡ.

ಬಿಂದು ಹೋಳಿಗೆ ಮುರಿದಳು.

ಅದೇ ಹೊತ್ತಿಗೆ ಅಜ್ಜನ ಫೋಟೋದ ಪಕ್ಕದಿಂದ ಅಳುವ ದನಿ ಕೇಳಿತು. ಉಚ್ಚಂಗಮ್ಮತ್ತೆ. ಬಕ್ಕೇಶಪ್ಪಜ್ಜನ ಹಿರಿಯ ಮಗಳು, ನಿಂಗರಾಜನ ಸೋದರತ್ತೆ, ಗುರುಮೂರ್ತಿ ಚಿಕ್ಕಪ್ಪನ ಮನೆಯಲ್ಲಿಯೇ ಇರುವ ಮುದುಕಿ. ಅಜ್ಜನನ್ನು ಬದುಕಿದ್ದಾಗ ಕಂಡವರಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಪೂಜೆಯ ಹೊತ್ತಿನಿಂದಲೂ ತಂದೆಯ ಪಕ್ಕ ಕೂತು, ಸುತ್ತಲಿನವರ ಮಾತಿಗೆಲ್ಲ ಕಿವಿ ಕೊಡುತ್ತಿದ್ದರು. ಈಗ ಗಾಜಿನ ಮೇಲೆ ಬೆರಳಾಡಿಸುತ್ತ ಅಳುತ್ತಿದ್ದರು.

"ಇದು ನಮ್ಮಪ್ಪನ ಕಣ್ಣು! ಇಷ್ಟು ವರ್ಷ ಆ ಗೋಡೆ ಮ್ಯಾಲಿದ್ದದ್ದು ನಮ್ಮಪ್ಪನ ಕಣ್ಣಲ್ಲ. ಅವನು ಸತ್ತ ಮ್ಯಾಲೆ ಯಾರೋ ಬರೆದದ್ದು. ನಮ್ಮಪ್ಪ ಹುಲಿ ಅಲ್ರೋ. ಎಮ್ಮೆ ಕೊಂಬು ಅಲ್ಲಾಡಿಸಿದ್ರೆ ನನ್ನ ಹಿಂದೆ ಬಂದು ನಿಂತ್ಕಣೋನು. ನಮ್ಮವ್ವ ಸೌಟು ಕೆಳಗಿಟ್ಟ ಸದ್ದಿಗೆ ಬೆಚ್ಚಿ ಬೀಳೋನು. ಬೇಲಿ ಒತ್ತಿದ ಪಕ್ಕದ ಹೊಲದೋನಿಗೆ ತಾನೇ ಕೈ ಮುಗಿದು ಬಂದೋನು!"

ಮನೆತನದ ಚರಿತ್ರೆ ಎಲೆಗಳ ಮುಂದೆ ಕುಸಿದು ಬಿತ್ತು. ಗುರುಮೂರ್ತಿ ಚಿಕ್ಕಪ್ಪ, "ಮತ್ತೆ ಆ ಕುದುರೆ ಮ್ಯಾಲಿನ ಸಾಹೇಬ..." ಎಂದು ಬಾಯಿ ತೆರೆದರು.

"ನೀ ತೊಟ್ಟಿಲಾಗಿದ್ದೆ, ಬಾಯಿ ಮುಚ್ಚು" ಎಂದರು ಉಚ್ಚಂಗಮ್ಮತ್ತೆ. ಮತ್ತೆ ನಿಂಗರಾಜನ ಕಡೆ ತಿರುಗಿದರು. "ನಿಂಗಾ, ಯಾರೋ ಹಚ್ಚಿದ ಸಿಟ್ಟು ಹೊತ್ತು ಕೂತಿದ್ದ ನಮ್ಮಪ್ಪನ್ನ ನೀನೂ ಬಿಂದೂನೂ ಅನ್ನ ಇಕ್ಕಿ, ಹೋಳಿಗೆ ಇಕ್ಕಿ ತಂಪು ಮಾಡೀರಿ. ಆ ಮನ್ಯಾಗೇ ಅವನಿಗೆ ತನ್ನ ಕಣ್ಣು ತಿರುಗಿ ಬಂದೈತೆ. ಅಂಥೋನ್ನ ಅಲ್ಲಿಂದ ಕಿತ್ತು ತರೋದು ಪಾಪ. ನಮ್ಮಪ್ಪ ನಿಮ್ಮ ಮನ್ಯಾಗೇ ಇರ್ಲಿ."

ಮೊದಲು ಬಾಯಿ ಬಿಟ್ಟವರು ಚಿಕ್ಕಮ್ಮ. ಅವರ ಮುಖದ ಗಂಟು ಬೆಳಗಿನಿಂದ ಮೊದಲ ಸಲ ಬಿಚ್ಚಿತು. "ಹಿರೇರ ಮಾತು ಮೀರಬಾರದು. ನಮಗೆ ಅಜ್ಜ ಬೇಕಿತ್ತು, ಏನು ಮಾಡೋದು, ಆ ಪುಣ್ಯ ಇಲ್ಲ" ಎಂದು ಸೌಟನ್ನೂ ಹೋಳಿಗೆ ಬುಟ್ಟಿಯನ್ನೂ ತಂದು ಬಿಂದುವಿನ ಮುಂದಿಟ್ಟರು. "ಏಳವ್ವ ಬಿಂದು. ಅಜ್ಜ ನಿಮ್ಮೋನಾದ ಮ್ಯಾಲೆ ಬಡಿಸೋಳೂ ನೀನೇ ಅಲ್ಲೇನು?"

ಬಿಂದುವಿನ ಬೆರಳಲ್ಲಿ ಹೋಳಿಗೆ ತುಂಡು ಹಾಗೇ ಇತ್ತು. ಅವಳು ಗಂಡನ ಕಡೆ ನೋಡಿದಳು.

ನಿಂಗರಾಜ ಎದ್ದು ನಿಂತ. ಒಂದೇ ಮಾತು ಹೇಳಿದರೆ ಸಾಕಿತ್ತು. ಅದು ನನ್ನ ಕಣ್ಣು ಅತ್ತೆ, ಸ್ಟುಡಿಯೋದಲ್ಲಿ ಇವತ್ತು ಬೆಳಗ್ಗೆ ಹಚ್ಚಿಸಿದ್ದು. ಅಜ್ಜ ಹರಿಹರದಲ್ಲಿ ಉಳಿಯುತ್ತಿದ್ದ, ಬಿಂದು ಹೋಳಿಗೆ ತಿನ್ನುತ್ತಿದ್ದಳು. ಅವನು ಬಾಯಿ ತೆರೆದ. ಆಗ ಅತ್ತೆ ಫೋಟೋವನ್ನು ಎದೆಗೆ ಅವಚಿಕೊಂಡು, "ಎಷ್ಟು ವರ್ಷ ಆತಪ್ಪಾ ನಿನ್ನ ನೋಡಿ" ಎಂದರು, ಐದು ವರ್ಷದ ಹುಡುಗಿಯ ದನಿಯಲ್ಲಿ.

ನಿಂಗರಾಜ ಬಾಯಿ ಮುಚ್ಚಿಕೊಂಡು ಕೂತ. ಬಿಂದು ಅವನ ಮುಖ ಓದಿದಳು. ಕೈಯಲ್ಲಿದ್ದ ತುಂಡನ್ನು ಎಲೆಯಲ್ಲಿಟ್ಟು ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಎತ್ತಿಕೊಂಡಳು. ನಿಂಗರಾಜನ ಎಲೆಗೆ ಬಂದಾಗ ಅವಳು ಹೋಳಿಗೆಯನ್ನು ಹಾಕಲಿಲ್ಲ, ಎಸೆದಳು.

ಅಲ್ಲಿಗೂ ಮುಗಿಯಲಿಲ್ಲ. ಹೊರಡುವ ಹೊತ್ತಿಗೆ ಉಚ್ಚಂಗಮ್ಮತ್ತೆ, "ಈ ವಯಸ್ಸಾಗೆ ಸಿಕ್ಕ ಅಪ್ಪನ್ನ ಬಿಟ್ಟು ನಾನೆಂಗೆ ಇರ್ಲಿ? ನಾನೂ ಬರ್ತೀನಿ" ಎಂದರು. ಅವರ ಮಾತು ಮುಗಿಯುವ ಮೊದಲೇ ಚಿಕ್ಕಮ್ಮ ಅವರ ಬಟ್ಟೆಯ ಚೀಲ ತಂದು ಕಾರಿನೊಳಗಿಟ್ಟರು. ಜೊತೆಗೆ ಉಳಿದ ಕಣಕ, ಹೂರಣ ತುಂಬಿದ ಡಬ್ಬಿಗಳು. ಅಂಜಿನಪ್ಪನ ಕಾರಿನಲ್ಲಿ ಮುಂದೆ ನಿಂಗರಾಜ, ತೊಡೆಯ ಮೇಲೆ ಅಜ್ಜ. ಹಿಂದೆ ಬಿಂದು ಮತ್ತು ಅತ್ತೆ. ದಾವಣಗೆರೆಯವರೆಗೂ ಬಿಂದು ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಅಂಜಿನಪ್ಪ ಮಾತ್ರ, ಬಸ್ಸು ನಿಜವಾಗಲೂ ಯಾವ ಕಡೆ ಕೆಟ್ಟಿತ್ತು ಎಂದು ಕೇಳುತ್ತಲೇ ಇದ್ದ.

ಮನೆಗೆ ಬಂದು, ಅಂಜಿನಪ್ಪನನ್ನು ಸಾಗಹಾಕಿ, ನಿಂಗರಾಜ ಅಜ್ಜನನ್ನು ಗೋಡೆಗೆ ತೂಗುಹಾಕಿದ. ಅತ್ತೆಯ ಕೈ ಹಿಡಿದು ಅದರ ಮುಂದೆ ಕೂರಿಸಿದ. "ನೋಡ್ರಿ ಅತ್ತೆ. ಕಣ್ತುಂಬ ನೋಡ್ಕೊಳ್ರಿ" ಎಂದ. ಹೆಂಡತಿಯ ಸಿಟ್ಟು ಬೆನ್ನಿಗೆ ಕೆಂಡದಂತೆ ತಾಗುತ್ತಿದ್ದರೂ ಮುದುಕಿಗೆ ಅಪ್ಪನನ್ನು ತಂದುಕೊಟ್ಟೆನೆಂಬ ಸಮಾಧಾನ ಅವನಿಗಿತ್ತು.

"ಅಂಜಿನಪ್ಪ ಹೋದ್ನೇನೋ?" ಎಂದು ಕೇಳಿದರು ಅತ್ತೆ.

"ಹೋದ."

"ಏನು ನೋಡ್ಲೋ ಮಗನೇ? ಎರಡೂ ಕಣ್ಣಿಗೆ ಪೊರೆ ಬಂದು ಎಷ್ಟೋ ದಿನ ಆತು. ಫೋಟೋದಾಗೆ ಕಣ್ಣೈತೋ ಮೂಗೈತೋ ನನಗೇನು ಕಾಣ್ತೈತೆ?"

ಅಡುಗೆಮನೆಯಲ್ಲಿ ಡಬ್ಬಿ ಇಡುತ್ತಿದ್ದ ಬಿಂದು ಹೊರಗೆ ಬಂದಳು. ನಿಂಗರಾಜನ ಬಾಯಿ ಫೋಟೋದ ಕಟ್ಟಿನಷ್ಟು ಅಗಲವಾಗಿತ್ತು. "ಮತ್ತೆ... ಅಪ್ಪನ ಕಣ್ಣು ಅಂದ್ರಿ? ಅಷ್ಟು ಅತ್ತುಬಿಟ್ರಿ?"

"ಎಲ್ರೂ ಅಜ್ಜ ತಣ್ಣಗಾದ, ತಣ್ಣಗಾದ ಅಂತಿದ್ರಲ್ಲ, ಕಿವಿ ಇನ್ನೂ ನೆಟ್ಟಗದಾವೆ ನನಗೆ. ನೀ ಏನೋ ಎಡವಟ್ಟು ಮಾಡೀಯ ಅಂತ ತಿಳೀತು. ಆ ಮನ್ಯಾಗೆ ಡಾಕ್ಟ್ರು ಹೇಳ್ಯಾರೆ ಅಂತ ನನಗೆ ಉಪ್ಪಿಲ್ಲ, ಬೆಲ್ಲ ಇಲ್ಲ. ವರ್ಷಕ್ಕೊಂದ್ಸಲ ಇಲ್ಲಿಗೆ ಬಂದಾಗ ಬಿಂದೂನ ಹೋಳಿಗೆ ತಿಂದು ಮುಂದಿನ ವರ್ಷದವರೆಗೂ ನೆನೆಸ್ಕೋತಾ ಇದ್ದೆ. ಅಪ್ಪ ಆ ಮನೆಗೇ ಬಂದುಬಿಟ್ರೆ ಅದಕ್ಕೂ ಕಲ್ಲು ಬೀಳ್ತಿತ್ತಲ್ಲೋ!"

"ಎಮ್ಮೆಗೆ ಹೆದರ್ತಿದ್ದ ಅಂದದ್ದು?"

"ಅದು ಖರೆ" ಎಂದರು ಅತ್ತೆ. ದನಿ ಸ್ವಲ್ಪ ಮೆತ್ತಗಾಯಿತು. "ಅವನಂಥ ಮೆತ್ತನೆ ಮನುಷ್ಯ ಮತ್ತೊಬ್ಬ ಹುಟ್ಟಿಲ್ಲ. ಅವನ ಹೆಸರಿಗೆ ಅಂಟಿದ ಆ ಸುಳ್ಳು ಪೌರುಷ ಒಂದ್ಸಲ ತೊಳೀಬೇಕು ಅಂತ ನನಗೆ ಮೊದ್ಲಿಂದ್ಲೂ ಇತ್ತು. ಅಳು ಏನೂ ಪೂರ್ತಿ ಸುಳ್ಳಲ್ಲ, ಬಿಡು." ಸೆರಗಿನಿಂದ ಮೂಗು ಒರೆಸಿಕೊಂಡು ಬಿಂದುವಿನ ಕಡೆ ತಿರುಗಿದರು. "ಆ ಮನೆ ಹೋಳಿಗೆ ಏನು ಹೋಳಿಗೆಯವ್ವ, ಚರ್ಮ. ಡಬ್ಬೀಲಿ ಹೂರಣ ಐತಲ್ಲ, ಬಿಸಿಯಾಗಿ ನಾಲ್ಕು ಮಾಡ್ತೀಯಾ?"

ನಿಂಗರಾಜ ಒಂದು ಹೆಜ್ಜೆ ಹಿಂದೆ ಸರಿದ. ಈಗ ಮನೆ ಹಾರಿಹೋಗುತ್ತದೆ ಎಂದುಕೊಂಡ. ಬಿಂದು ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಗೋಡೆಯ ಮೇಲೆ ಗಂಡನ ಕಣ್ಣಿಟ್ಟುಕೊಂಡು ಬೆದರಿ ಕೂತಿದ್ದ ಅಜ್ಜನನ್ನು ನೋಡಿದಳು. ನಗು ಅವಳ ಕೈ ಮೀರಿ ಬಂತು. ಮಧ್ಯಾಹ್ನದಿಂದ ತಡೆದಿಟ್ಟ ಅಳುವೂ ಅದರ ಜೊತೆಗೇ ಬಂದು, ಎರಡರಲ್ಲಿ ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಅತ್ತೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಮಾಡ್ತಾರೆ ಅತ್ತೆಮ್ಮ" ಎಂದಳು. "ರೀ, ಹಂಚು ಇಡ್ರಿ."

"ನಾನಾ? ನನಗೆಲ್ಲಿ ಬರ್ತೈತೆ?"

"ಫೋಟೋಕ್ಕೆ ಕಣ್ಣು ಹಚ್ಚಾಕೆ ಬರ್ತೈತೆ, ಹೋಳಿಗೆ ತಟ್ಟಾಕೆ ಬರಲ್ವಾ?"

ನಿಂಗರಾಜ ಅಡುಗೆಮನೆ ಸೇರಿದ. ಮೊದಲನೆಯದು ಹಂಚಿಗೇ ಅಂಟಿತು. ಎರಡನೆಯದರ ಹೂರಣ ಕಿತ್ತು ಹೊರಗೆ ಬಂತು. ಆಮೇಲೆ ಅವನಿಗೆ ಲ್ಯಾಬ್ ನೆನಪಾಯಿತು. ಹುಡುಗರಿಗೆ ದಿನಾ ಹೇಳುವುದನ್ನು ತನಗೇ ಹೇಳಿಕೊಂಡ: ಆತುರ ಬೇಡ, ಉರಿ ಸಣ್ಣಗಿರಲಿ, ಕೈ ನಡುಗಿಸಬೇಡ. ಮೂರನೆಯ ಹೋಳಿಗೆ ದುಂಡಗೆ ತೆಳ್ಳಗೆ ಬಂತು, ನಡುವೆ ಉಬ್ಬಿತು. ತುಪ್ಪ ಹಾಕಿ, ತಟ್ಟೆಯಲ್ಲಿಟ್ಟು, ಓಡೋಡಿ ತಂದು ಬಿಂದುವಿನ ಮುಂದಿಟ್ಟ.

ಬಿಂದು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಇಷ್ಟು ವರ್ಷ ಕಾದ ಬಿಸಿ ಹೋಳಿಗೆ. ನಿಂಗರಾಜ ಎದುರಿಗೆ ಕೈ ಕಟ್ಟಿಕೊಂಡು ನಿಂತಿದ್ದ. ಹೆಂಡತಿಯ ಮುಖ ಅರಳುವುದನ್ನು ಕಂಡು, ಸದ್ಯ, ಇವತ್ತಿಗೆ ಬದುಕಿದೆ ಎಂದುಕೊಂಡ.

"ರೀ, ನನ್ನ ಹೋಳಿಗೆಗಿಂತ ಚಲೋ ಬಂದೈತಲ್ರಿ!" ಎಂದು ಬಿಂದು ಕಣ್ಣು ತೆರೆದಳು. "ಅತ್ತೆಮ್ಮ, ಇನ್ನು ಮ್ಯಾಲೆ ಮಹಾಲಯ ಅಮಾಸೆಗೆ ಎಲ್ಲ ನೆಂಟರಿಗೂ ಇವರೇ ಮಾಡ್ಲಿ. ನಾನು ನೀವು ಮೊದಲ್ನೇ ಪಂಕ್ತೀಲಿ ಕೂರೋಣ."

"ಅಮಾಸೆ ಒಂದು ವರ್ಷ ದೂರ ಐತವ್ವ" ಎಂದು ಉಚ್ಚಂಗಮ್ಮತ್ತೆ ಖಾಲಿ ತಟ್ಟೆಯನ್ನು ದನಿ ಕೇಳಿದ ಕಡೆಗೆ ಚಾಚಿದರು. "ಅಲ್ಲೀತನಕ ದಿನಾ ಎರಡೆರಡು ತಟ್ಲಿ, ಕೈ ಪಳಗ್ತೈತೆ."